ವೈನು ಕಲಕುವ ಕೋಲು ನಮ್ಮ ಮಳಿಗೆಗೆ ಬೇಕೆ?

ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಗೊಬ್ಬರದ ಇಂಡೆಂಟು, ಮೈಲುತುತ್ತಿನ ದಾಸ್ತಾನು, ಕಾಳುಮೆಣಸಿನ ಏಣಿಗಳ ವಿಷಯ ಎಲ್ಲ ಮುಗಿದು ಕಾಫಿ ಬರುವ ಹೊತ್ತಿಗೆ ನಿರ್ದೇಶಕರೊಬ್ಬರು ಒಂದು ಹೊಸ ಪ್ರಸ್ತಾಪ ತಂದರು. ನಮ್ಮ ಸದಸ್ಯರಲ್ಲಿ ಮನೆಯಲ್ಲಿ ವೈನು ಮಾಡುವವರು ಬಹಳ ಮಂದಿ ಇದ್ದಾರೆ. ವೈನಿನೊಳಗೆ ಉಳಿದುಕೊಳ್ಳುವ ಗ್ಯಾಸನ್ನು ಹೊರಡಿಸಲು ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸುವ ಕೋಲು ಈಗ ದೊರೆಯುತ್ತದೆ. ಅದನ್ನು ಸಂಘದ ಮಳಿಗೆಗೆ ತರಿಸಿದರೆ ಚೆನ್ನಾಗಿ ಖರ್ಚಾಗುತ್ತದೆ ಎಂಬುದು ಅವರ ಅಭಿಪ್ರಾಯ. ಕೆಲವರು ನಕ್ಕರು. ಇನ್ನು ಕೆಲವರು ನಗದೆ ಅದರ ಬೆಲೆ ಕೇಳಿದರು. ಕೊನೆಗೆ, ಈ ಬಗ್ಗೆ ಕಾರ್ಯದರ್ಶಿಯವರು ವಿಚಾರಿಸಿ ಮುಂದಿನ ಸಭೆಗೆ ತಿಳಿಸಬೇಕೆಂದು ತೀರ್ಮಾನವಾಯಿತು.

ಸಭೆಗೆ ತಿಳಿಸುವ ಮೊದಲು ಸದಸ್ಯ ಬಂಧುಗಳಿಗೇ ತಿಳಿಸುವುದು ಮೇಲೆಂದು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಆ ಕೋಲನ್ನು ನಾವು ತರಿಸಬಾರದು. ಅದು ಕೆಟ್ಟ ಸಾಮಾನು ಎಂದಲ್ಲ. ನಮ್ಮ ವೈನಿಗೆ ಇರುವ ಕಾಯಿಲೆ ಬೇರೆ, ಆ ಕೋಲು ಕೊಡುವ ಔಷಧಿ ಬೇರೆ ಎಂಬುದೇ ಕಾರಣ.

ಮೊದಲು ಗ್ಯಾಸಿನ ವಿಷಯ. ಹಣ್ಣಿನ ರಸದ ಸಕ್ಕರೆಯನ್ನು ಯೀಸ್ಟು ತಿಂದಾಗ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಆಲ್ಕೋಹಾಲು, ಇನ್ನರ್ಧ ಇಂಗಾಲದ ಡೈ ಆಕ್ಸೈಡು ಆಗುತ್ತದೆ. ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ 250 ಲೀಟರಿಗೂ ಹೆಚ್ಚು ಗ್ಯಾಸು ಹುಟ್ಟುತ್ತದೆ. ಬಹುಪಾಲು ಗುಳ್ಳೆಯಾಗಿ ಹೊರಟುಹೋಗುತ್ತದೆ. ಆದರೆ ಕೊನೆಯ ಸ್ವಲ್ಪ ಪಾಲು ವೈನಿನಲ್ಲೇ ಕರಗಿ ಕೂತುಬಿಡುತ್ತದೆ. ಹೊಸ ವೈನು ನಾಲಿಗೆಗೆ ಸೋಡಾದಂತೆ ಚುರುಗುಟ್ಟುವುದು ಇದರಿಂದ. ತಿಂಗಳಾದರೂ ತಿಳಿಯಾಗದೆ ಕದಡಿಕೊಂಡೇ ಇರುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಸಣ್ಣ ಸಣ್ಣ ಗುಳ್ಳೆಗಳು ಮಡ್ಡಿಯ ಕಣಗಳನ್ನು ಕೆಳಗೆ ಇಳಿಯಗೊಡುವುದಿಲ್ಲ. ಹುರಿದ ಕಾಫಿ ಬೀಜದೊಳಗೂ ಇದೇ ಗ್ಯಾಸು ಇರುತ್ತದೆ. ಹುರಿದ ದಿನವೇ ಪುಡಿಯನ್ನು ಬಿಗಿಯಾಗಿ ಪ್ಯಾಕು ಮಾಡಿದರೆ ಪೊಟ್ಟಣ ಊದಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ನಾವೇನೂ ಕೋಲು ಹಾಕಿ ಕಲಕುವುದಿಲ್ಲ, ಒಂದೆರಡು ದಿನ ಬಿಡುತ್ತೇವೆ, ಅಷ್ಟೆ.

ವೈನಿಗೂ ಬಿಟ್ಟರೆ ಸಾಕು. ಮೂರರಿಂದ ಆರು ತಿಂಗಳು ಭರಣಿಯಲ್ಲೋ ಗಾಜಿನ ಜಾರಿನಲ್ಲೋ ಇದ್ದು, ನಡುವೆ ಎರಡು ಮೂರು ಸಲ ಮಡ್ಡಿ ಬಿಟ್ಟು ತಿಳಿ ಬಸಿದರೆ ಹೆಚ್ಚಿನ ಗ್ಯಾಸು ತಾನಾಗಿ ಹೋಗುತ್ತದೆ. ಹಾಗಾದರೆ ಈ ಕಲಕುವ ಕೋಲು ಎಲ್ಲಿಂದ ಬಂತು? ಪರದೇಶಗಳಲ್ಲಿ ದ್ರಾಕ್ಷಿ ರಸವನ್ನು ಗಟ್ಟಿ ಪಾಕ ಮಾಡಿ ಡಬ್ಬಿಯಲ್ಲಿ ಮಾರುತ್ತಾರೆ. ಯೀಸ್ಟು, ತಿಳಿ ಮಾಡುವ ಪುಡಿ ಎಲ್ಲವೂ ಅದರ ಜೊತೆಗೇ ಬರುತ್ತದೆ. ನೀರು ಬೆರೆಸಿದರೆ ನಾಲ್ಕರಿಂದ ಎಂಟು ವಾರದಲ್ಲಿ ಬಾಟಲಿಗೆ ತುಂಬಬಹುದೆಂದು ಅದರ ಮೇಲೆ ಬರೆದಿರುತ್ತದೆ. ಅಷ್ಟು ಅವಸರದಲ್ಲಿ ಗ್ಯಾಸು ತಾನಾಗಿ ಹೋಗುವುದು ಕಷ್ಟ. ಆದ್ದರಿಂದ ಕಲಕಿ ಓಡಿಸುವ ಪದ್ಧತಿ, ಅದಕ್ಕೊಂದು ಕೋಲು, ಕೋಲಿಗೊಂದು ಮೆಷಿನ್ನು. ಒಟ್ಟಿನಲ್ಲಿ ಅದು ಅವಸರದ ಉಪಕರಣ.

ಅವಸರ ನಮಗೂ ಇದೆ ಎಂಬುದನ್ನು ಒಪ್ಪುತ್ತೇನೆ. ಅಕ್ಟೋಬರ್ ಕೊನೆಯಲ್ಲಿ ದ್ರಾಕ್ಷಿ ಹಿಸುಕಿ, ಪುತ್ತರಿಗೆ ಇಲ್ಲವೆ ಕ್ರಿಸ್‌ಮಸ್ಸಿಗೆ ಬಾಟಲಿ ತೆಗೆಯಬೇಕೆನ್ನುವವರೇ ಹೆಚ್ಚು. ನಾನೂ ಆ ಪಂಗಡದವನೇ. ಮೂರು ವರ್ಷದ ಹಿಂದೆ ಮಗಳ ನಿಶ್ಚಿತಾರ್ಥ ಡಿಸೆಂಬರ್ ಕೊನೆಗೆ ಗೊತ್ತಾಯಿತು. ಮನೆಯಲ್ಲಿ 18 ಲೀಟರ್ ಬೆಂಗಳೂರು ನೀಲಿ ದ್ರಾಕ್ಷಿಯ ವೈನು ಇತ್ತು, ಆರು ವಾರದ್ದು, ಇನ್ನೂ ಚುರುಗುಟ್ಟುತ್ತಿತ್ತು. ಡ್ರಿಲ್ಲಿಗೆ ಸಿಕ್ಕಿಸುವ ಕೋಲಿನ ಚಿತ್ರವನ್ನು ಎಲ್ಲೋ ನೋಡಿದ್ದೆ. ಇದನ್ನು ದುಡ್ಡು ಕೊಟ್ಟು ತರುವುದೇಕೆ ಎಂದು ಬೇಲಿಗೆ ಉಳಿದಿದ್ದ ಜಿ.ಐ. ತಂತಿಯನ್ನು ಬಗ್ಗಿಸಿ, ಮೊಟ್ಟೆ ಕಡೆಯುವ ಸಾಮಾನಿನ ಆಕಾರ ಮಾಡಿ ಡ್ರಿಲ್ಲಿಗೆ ಕಚ್ಚಿಸಿದೆ. ಜಾರು ಕಂಠದವರೆಗೆ ತುಂಬಿತ್ತು. ಸ್ವಿಚ್ಚು ಒತ್ತಿದ ಎರಡನೆಯ ಕ್ಷಣಕ್ಕೆ ನೊರೆ ಉಕ್ಕಿ ಜಾರಿನ ಬಾಯಿಂದ ಮೇಲೆದ್ದಿತು. ಅಡಿಗೆಮನೆಯ ಗೋಡೆ, ನನ್ನ ಅಂಗಿ, ಕೈಯಲ್ಲಿದ್ದ ಡ್ರಿಲ್ಲು, ಎಲ್ಲವೂ ನೀಲಿ. 230 ವೋಲ್ಟಿನ ಮೆಷಿನ್ನು ಒದ್ದೆ ಕೈಯಲ್ಲಿದೆ ಎಂಬ ಅರಿವು ನನಗಿಂತ ಮೊದಲು ಬಂದದ್ದು ನನ್ನ ಹೆಂಡತಿಗೆ. ಅವಳು ಓಡಿ ಹೋಗಿ ಪ್ಲಗ್ಗು ಕಿತ್ತಳು.

ಉಳಿದ ವೈನನ್ನು ಕುಡಿದು ನೋಡಿದರೆ ಗ್ಯಾಸು ಕಡಿಮೆಯಾಗಿತ್ತು ನಿಜ. ಆದರೆ ಬಾಯಲ್ಲಿ ತುಕ್ಕು ಹಿಡಿದ ಕೊಡದ ನೀರಿನ ರುಚಿ. ಜಿ.ಐ. ತಂತಿಯ ಮೇಲಿರುವುದು ಸತುವಿನ ಲೇಪ. ಹುಳಿ ಪದಾರ್ಥ ಸತುವನ್ನು ಕರಗಿಸುತ್ತದೆ. ಜಿ.ಐ. ಬಕೆಟ್ಟಿನಲ್ಲಿ ಹುಳಿ ಪಾನಕ ಇಟ್ಟು ಕುಡಿದವರಿಗೆ ವಾಂತಿ, ಹೊಟ್ಟೆನೋವು ಬರುತ್ತದೆಂದು ಓದಿ ತಿಳಿದವನೇ ನಾನು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು ಎಂದು ಹೇಳಿಕೊಳ್ಳಲು ಆ ಹೊತ್ತು ನಾಚಿಕೆಯಾಯಿತು. ನಾಲ್ಕು ನಿಮಿಷದ ಸಂಪರ್ಕದಲ್ಲಿ ಎಷ್ಟು ಸತು ಇಳಿದಿತ್ತೋ, ಬೀಗರ ಕಡೆಯವರ ಮೇಲೆ ಅದನ್ನು ಪರೀಕ್ಷೆ ಮಾಡುವ ಧೈರ್ಯ ಇರಲಿಲ್ಲ. ಎಲ್ಲವನ್ನೂ ಚರಂಡಿಗೆ ಸುರಿದೆ.

ಇಷ್ಟು ವಿಸ್ತಾರವಾಗಿ ಬರೆದದ್ದಕ್ಕೆ ಕಾರಣವಿದೆ. ನಾವು ತೋಟದವರು. ನಮ್ಮ ಕೈಗೆ ಮೊದಲು ಸಿಗುವ ಸಾಮಾನು ತೋಟದ ಸಾಮಾನು. ಸಂಘದ ಕೌಂಟರಿನಲ್ಲಿ ಮಾತಾಡುವಾಗ ನಾಲ್ಕೈದು ಸದಸ್ಯರನ್ನು ‘ಯಾವುದರಿಂದ ಕಲಕುತ್ತೀರಿ?’ ಎಂದು ಕೇಳಿದೆ. ಒಬ್ಬರು ಬಿದಿರಿನ ದಬ್ಬೆ ಎಂದರು. ಒಬ್ಬರು ಕಾಫಿ ತೊಟ್ಟಿಯಲ್ಲಿ ಬೀಜ ತಿರುವುವ ಮರದ ಹಲಗೆಯನ್ನೇ ತೊಳೆದು ಬಳಸುತ್ತಾರಂತೆ. ಇನ್ನೊಬ್ಬರು, ‘ಸಾರ್, ಔಷಧಿ ಕಲಸುವ ಪಿ.ವಿ.ಸಿ. ಪೈಪು ಇದೆಯಲ್ಲ, ಚೆನ್ನಾಗಿ ತೊಳೆದೇ ಹಾಕುವುದು’ ಎಂದಾಗ ನನಗೆ ಮಾತು ಹೊರಡಲಿಲ್ಲ.

ಬೋರ್ಡೋ ಮಿಶ್ರಣ ನಮಗೆ ನೀರು ಕುಡಿದಷ್ಟು ಸಲೀಸು. ಕೊಳೆರೋಗಕ್ಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ; ಕಾಫಿಯ ಎಲೆತುಕ್ಕಿಗೆ ಅದರ ಅರ್ಧ. (ಈ ಮಿಶ್ರಣ ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೋ ಸೀಮೆಯ ವೈನಿನ ದ್ರಾಕ್ಷಿ ತೋಟಗಳಲ್ಲಿ. ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಯ ಕೊಳೆರೋಗಕ್ಕೆ ಅದನ್ನು ಒಗ್ಗಿಸಿದ ಕೀರ್ತಿ ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಅವರದು. ವೈನಿನವರ ಋಣ ನಮ್ಮ ಮೇಲೆ ಹೀಗೊಂದು ಇದೆ.) ಆದರೆ ಅದನ್ನು ಕಲಕಿದ ಕೋಲಿಗೆ ಅಂಟಿದ ತಾಮ್ರದ ನೀಲಿ ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಅದೇ ಪೈಪು ಬೇರೆ ಕೀಟನಾಶಕಗಳನ್ನೂ ಕಂಡಿರುತ್ತದೆ. ವೈನು ಹುಳಿಯೂ ಹೌದು, ಆಲ್ಕೋಹಾಲೂ ಹೌದು. ನೀರಿಗೆ ಬಿಡದ ಎಷ್ಟೋ ಕೊಳೆಯನ್ನು ಅದು ಬಿಡಿಸಿಕೊಳ್ಳುತ್ತದೆ. ಔಷಧಿ ಕಂಡ ಕೋಲು, ಬಕೆಟ್ಟು, ಕ್ಯಾನು, ಯಾವುದೂ ವೈನಿನ ಹತ್ತಿರ ಸುಳಿಯಬಾರದು. ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ.

ಇನ್ನು ಅಡಿಗೆಮನೆಯ ಸಾಮಾನು. ಮರದ ಸೌಟನ್ನು ನಮ್ಮ ಹಿರಿಯರು ಬಳಸಿದ್ದಾರೆ, ಅವರ ವೈನು ಕೆಟ್ಟಿರಲಿಲ್ಲ ಎನ್ನುವವರಿದ್ದಾರೆ. ಕೆಟ್ಟದ್ದನ್ನು ಹಿರಿಯರು ವಿನಿಗರ್ ಎಂದು ಕರೆದು ಪಂದಿ ಸಾರಿಗೆ ಹಾಕಿದರು ಎಂಬುದನ್ನು ಮರೆಯಬಾರದು. ಮರದ ಸೂಕ್ಷ್ಮ ರಂಧ್ರಗಳಲ್ಲಿ ಹುಳಿ ಹಿಡಿಸುವ ಅಣುಜೀವಿಗಳು ಸುಖವಾಗಿ ಬಾಳುತ್ತವೆ. ಮೊದಲ ವಾರ ರಸ ಬುಸುಗುಟ್ಟಿ ಕುದಿಯುವಾಗ ಮರದ ಸೌಟು ನಡೆಯುತ್ತದೆ, ಆಗ ಗ್ಯಾಸೇ ಕಾವಲು. ಹುದುಗು ನಿಂತ ಮೇಲೆ ಆ ಕಾವಲು ಇರುವುದಿಲ್ಲ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಯಾವುದೂ ಬೇಡ. ಕಬ್ಬಿಣ ಮತ್ತು ತಾಮ್ರದಿಂದ ವೈನು ಕದಡುತ್ತದೆ, ರುಚಿ ಕೆಡುತ್ತದೆ.

ಕಡೆಗೋಲಿನ ವಿಷಯ ಸ್ವಲ್ಪ ಹೇಳಬೇಕು. ಡ್ರಿಲ್ಲಿನ ಕೋಲನ್ನು ಕಂಡ ನಮ್ಮ ಅತ್ತೆಯವರು ‘ಇದು ನಮ್ಮ ಕಡೆಗೋಲೇ ಅಲ್ಲವೇನಪ್ಪಾ’ ಎಂದರು. ಅವರ ಮಾತು ಸರಿ. ತಲೆಗೆ ಹಲ್ಲು, ನಡುವೆ ಕೋಲು, ಆಚೆ ಈಚೆ ತಿರುಗುವುದು. ಹಗ್ಗ ಎಳೆದು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗಿಸುವ ಕ್ರಮವಂತೂ ಗ್ಯಾಸು ಬಿಡಿಸಲು ಹೇಳಿ ಮಾಡಿಸಿದಂತಿದೆ. ಒಂದೇ ಕಡೆ ತಿರುಗಿಸಿದರೆ ವೈನು ಕೋಲಿನ ಜೊತೆಯಲ್ಲೇ ಸುತ್ತುತ್ತದೆ, ಮಧ್ಯೆ ಸುಳಿ ಬಿದ್ದು ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ದಿಕ್ಕು ಬದಲಿಸಿದಾಗ ಮಾತ್ರ ದ್ರವ ತಡೆದು, ಕುಲುಕಿ, ಗುಳ್ಳೆ ಬಿಡುತ್ತದೆ. ಆದರೂ ಮಜ್ಜಿಗೆ ಕಡೆದ ಕಡೆಗೋಲನ್ನು ವೈನಿಗೆ ಹಾಕಬೇಡಿ. ಜಿಡ್ಡು, ಮೊಸರಿನ ಅಣುಜೀವಿ ಎರಡೂ ಅದರಲ್ಲಿವೆ. ಮೇಲಾಗಿ ಕಡೆಯುವುದರ ಉದ್ದೇಶವೇ ನೊರೆ ಎಬ್ಬಿಸುವುದು. ವೈನಿಗೆ ಗಾಳಿ ಸೇರಿದರೆ ಬಣ್ಣ ಕಂದುತ್ತದೆ, ಹಣ್ಣಿನ ಪರಿಮಳ ಹೋಗಿ ಕೊಯ್ದಿಟ್ಟ ಸೇಬಿನ ವಾಸನೆ ಬರುತ್ತದೆ, ಆಮೇಲೆ ಹುಳಿ. ಗ್ಯಾಸನ್ನು ಹೊರಗೆ ಕಳಿಸಿ ಗಾಳಿಯನ್ನು ಒಳಗೆ ಕರೆದಂತೆ ಆಗಬಾರದು.

ಡ್ರಿಲ್ಲಿನ ಕೋಲಿನ ಮೇಲೆ ನನ್ನ ಮುಖ್ಯ ಆಕ್ಷೇಪಣೆಯೂ ಇದೇ. ಒಳ್ಳೆಯ ಕೋಲು ಸ್ಟೇನ್‌ಲೆಸ್ ಸ್ಟೀಲಿನದು; ತುದಿಯ ರೆಕ್ಕೆಗಳು ಮಡಚಿಕೊಂಡು ಕಿರಿದಾದ ಕಂಠದೊಳಗೆ ಇಳಿಯುತ್ತವೆ, ತಿರುಗಿದಾಗ ಬಿಚ್ಚಿಕೊಳ್ಳುತ್ತವೆ. ಚಾತುರ್ಯದ ಕೆಲಸ. ಆದರೆ ಮನೆಯ ಡ್ರಿಲ್ಲು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗಬಲ್ಲದು. ವೈನಿಗೆ ಬೇಕಾದದ್ದು ಅದರ ಹತ್ತರಲ್ಲೊಂದು ಪಾಲು. ಕೈ ಸ್ವಲ್ಪ ಬಿಗಿಯಾದರೆ ಸುಳಿ, ನೊರೆ. ಕೋಲು ವಾಲಿದರೆ ಗಾಜಿಗೆ ಪೆಟ್ಟು. ಇದಕ್ಕೆ ಮೇಲೆ ಡ್ರಿಲ್ಲಿನ ಹಿಡಿಕೆಯಿಂದ ಗ್ರೀಸು, ಹಿಂದಿನ ದಿನ ಗೋಡೆ ಕೊರೆದ ಧೂಳು. ಯಾರಾದರೂ ಆಗಲೇ ಕೊಂಡಿದ್ದರೆ ಬ್ಯಾಟರಿ ಡ್ರಿಲ್ಲಿಗೇ ಹಾಕಿ, ವೈರಿನ ಡ್ರಿಲ್ಲಿಗೆ ಹಾಕಬೇಡಿ. ಅತಿ ನಿಧಾನದಲ್ಲಿ ಓಡಿಸಿ. ಕೋಲು ಪೂರ್ತಿ ಮುಳುಗಿದ ಮೇಲೆಯೇ ಸ್ವಿಚ್ಚು ಒತ್ತಿ. ಗಾಳಿ ಎಳೆಯುವ ಕೈಪಂಪು ಹಚ್ಚುವವರೂ ಇದ್ದಾರೆ. ನಮ್ಮ ಭರಣಿಗಳಿಗೆ ಅದು ಹೊಂದುವುದಿಲ್ಲ. ಚಪ್ಪಟೆ ಮೈಯ ಗಾಜಿನ ಜಾರುಗಳು ಒಳಕ್ಕೆ ಒಡೆದು ಬೀಳುವ ಅಪಾಯವೂ ಉಂಟು.

ಹಾಗಾದರೆ ಯಾವುದು ಸರಿ ಎಂದರೆ, ಮದುವೆ ಮನೆಯ ಅಡಿಗೆಯವರು ಬಳಸುವಂಥ ಉದ್ದ ಹಿಡಿಯ, ತೂತುಗಳಿರುವ ಸ್ಟೀಲಿನ ಸೌಟು. ಹಿಡಿಯೂ ತಲೆಯೂ ಒಂದೇ ಸ್ಟೀಲಾಗಿರಬೇಕು. ಬೆಸುಗೆ ನಯವಾಗಿರಬೇಕು, ರಿವೆಟ್ಟಿನ ಸಂದು ಇರಬಾರದು, ಮರದ ಹಿಡಿ ಬೇಡ. ಕೊಳ್ಳುವಾಗ ನೋಡಬೇಕಾದದ್ದು ಒಂದೇ: ಇದರ ಯಾವ ಮೂಲೆಗಾದರೂ ನನ್ನ ಬ್ರಷ್ಷು ಮುಟ್ಟದೆ ಇರುತ್ತದೆಯೆ? ಎಷ್ಟು ಜೋರಾಗಿ ಕಲಕುತ್ತದೆ ಎಂಬ ಪ್ರಶ್ನೆಗಿಂತ ಎಷ್ಟು ಚೆನ್ನಾಗಿ ತೊಳೆಯಬಹುದು ಎಂಬ ಪ್ರಶ್ನೆ ದೊಡ್ಡದು. ಬಾಯಿ ಕಿರಿದಾದ ಜಾರಾದರೆ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ಕಿನ ಸಪೂರ ಹುಟ್ಟು ಆಗಬಹುದು. ಅದರ ಮೇಲೆ ಗೀರು ಬಿದ್ದ ದಿನ ಅದನ್ನು ಬಿಸಾಡಬೇಕು. ತೊಳೆದು, ಕುದಿಯುವ ನೀರು ಹೊಯ್ದು (ಪ್ಲಾಸ್ಟಿಕ್ಕಾದರೆ ಕೆ.ಎಂ.ಎಸ್. ದ್ರಾವಣದಲ್ಲಿ ಅದ್ದಿ), ಆ ಸೌಟನ್ನು ಬೇರೆ ಕೆಲಸಕ್ಕೆ ಮುಟ್ಟದೆ ತೂಗುಹಾಕಿ. ನಮ್ಮ ಮನೆಯಲ್ಲಿ ಅದಕ್ಕೆ ಕೆಂಪು ದಾರ ಕಟ್ಟಿದೆ. ಆದರೂ ಒಮ್ಮೆ ಸಾಂಬಾರಿನಲ್ಲಿ ಸಿಕ್ಕಿಬಿದ್ದಿತ್ತು.

ಬಳಸುವ ಕ್ರಮ ಹೀಗೆ. ಮೊದಲು ಮಡ್ಡಿ ಬಿಟ್ಟು ತಿಳಿಯನ್ನು ಬೇರೆ ಪಾತ್ರೆಗೆ ಪೈಪಿನಲ್ಲಿ ಇಳಿಸಿಕೊಳ್ಳಿ. ಪಾತ್ರೆಯ ಕಾಲು ಭಾಗ ಖಾಲಿ ಇರಲಿ, ನೊರೆಗೆ ಜಾಗ ಬೇಕು. ಮೊದಲು ಒಂದೆರಡು ಸಲ ಮೆಲ್ಲಗೆ ಕೈಯಾಡಿಸಿ, ನೊರೆ ಎದ್ದು ಇಳಿಯಲಿ. ಆಮೇಲೆ ಸೌಟಿನ ತಲೆ ಮೇಲಕ್ಕೆ ಬಾರದಂತೆ ಒಳಗೇ ಇಟ್ಟು, ದೋಣಿಗೆ ಹುಟ್ಟು ಹಾಕಿದಂತೆ ಆಚೆಗೊಮ್ಮೆ ಈಚೆಗೊಮ್ಮೆ ತಳ್ಳಿ. ಐದು ನಿಮಿಷ ಸಾಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಎರಡು ಮೂರು ದಿನ. ಕೊನೆಗೆ ಅದನ್ನು ಕಂಠದವರೆಗೆ ತುಂಬುವಂಥ ಸಣ್ಣ ಜಾರಿಗೆ ಬದಲಿಸಿ ಮುಚ್ಚಿಡಿ. ಇದು ಬಹಳ ಜನ ತಪ್ಪುವ ಜಾಗ. ಕರಗಿದ ಗ್ಯಾಸು ಇದ್ದಷ್ಟು ದಿನ ಮೇಲಿನ ಖಾಲಿ ಜಾಗದಲ್ಲಿ ಗಾಳಿಯ ಬದಲು ಅದೇ ತುಂಬಿಕೊಂಡು ವೈನನ್ನು ಕಾಯುತ್ತಿತ್ತು. ಅದನ್ನು ನೀವೇ ಓಡಿಸಿದ ಮೇಲೆ ಖಾಲಿ ಜಾಗಕ್ಕೆ ಬರುವುದು ಗಾಳಿಯೇ. 10 ಲೀಟರಿಗೆ ಸುಮಾರು ಒಂದು ಗ್ರಾಮ್ ಕೆ.ಎಂ.ಎಸ್. ಹಾಕುವ ಅಭ್ಯಾಸವಿದ್ದರೆ ಕಲಕುವ ಮೊದಲೇ ಹಾಕಿ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಅವರಿಗೆ ಹೇಳಿ ಹಾಕಿ.

ಕೋಲಿಗಿಂತ ಬಿಸಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಮ್ಮವರಿಗೆ ಅಷ್ಟು ಗೊತ್ತಿಲ್ಲ. ಇಂಗಾಲದ ಡೈ ಆಕ್ಸೈಡು ತಣ್ಣನೆಯ ದ್ರವದಲ್ಲಿ ಹೆಚ್ಚು ಕರಗುತ್ತದೆ. 10 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರ್ ನೀರು 2.3 ಗ್ರಾಮಿನಷ್ಟು ಗ್ಯಾಸನ್ನು ಹಿಡಿದಿಟ್ಟುಕೊಂಡರೆ 25 ಡಿಗ್ರಿಯಲ್ಲಿ 1.5 ಗ್ರಾಮಿನಷ್ಟು ಮಾತ್ರ. ವೈನಿನ ಲೆಕ್ಕವೂ ಸುಮಾರಾಗಿ ಹಾಗೆಯೇ. ಡಿಸೆಂಬರ್ ಮುಂಜಾನೆ ಕೈ ಮರಗಟ್ಟುವ ಚಳಿಯಲ್ಲಿ ಜಗಲಿಯ ಮೇಲೆ ಕೂತು ಕಲಕಿದರೆ ತೋಳು ನೋಯುತ್ತದೆಯೇ ಹೊರತು ಗ್ಯಾಸು ಜಗ್ಗುವುದಿಲ್ಲ. ಎರಡು ದಿನ ಅಡಿಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಜಾರನ್ನಿಟ್ಟು, ಮಧ್ಯಾಹ್ನದ ಹೊತ್ತು ಕಲಕಿ ನೋಡಿ. ಎತ್ತರದ ಊರಿನವರಿಗೆ ಒಂದು ಸಣ್ಣ ಅನುಕೂಲವೂ ಇದೆ. ಮಡಿಕೇರಿಯಂಥ ಕಡೆ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಹತ್ತರಲ್ಲೊಂದು ಪಾಲಿಗೂ ಹೆಚ್ಚು ಕಡಿಮೆ. ಗ್ಯಾಸು ಅಷ್ಟು ಸುಲಭವಾಗಿ ಬಿಡುತ್ತದೆ.

ಹೋಯಿತೋ ಇಲ್ಲವೋ ನೋಡಲು ಉಪಕರಣ ಬೇಡ. ಒಂದು ಸೀಸೆಗೆ ಅರ್ಧ ವೈನು ಹಾಕಿ, ಬಾಯಿಗೆ ಹೆಬ್ಬೆರಳು ಒತ್ತಿ, ಚೆನ್ನಾಗಿ ಕುಲುಕಿ ಬೆರಳು ತೆಗೆಯಿರಿ. ‘ಫುಸ್’ ಎಂದರೆ ಇನ್ನೂ ಇದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಸ್ಟೀಲ್ ಸೌಟು ಸಾಕು ಎಂದು ಸಭೆಯಲ್ಲೇ ಒಂದು ಮಾತಿನಲ್ಲಿ ಹೇಳುತ್ತಿದ್ದೆ. ಕಷ್ಟವೇನೆಂದರೆ, ಕಲಕುವ ಕೋಲು ಕೇಳಲು ಬಂದ ಸದಸ್ಯರಲ್ಲಿ ಹೆಚ್ಚಿನವರ ದೂರು ಚುರುಗುಟ್ಟುವುದಲ್ಲ. ಬಿರಟೆ ಹಾರುವುದು, ಬಾಟಲಿ ಒಡೆಯುವುದು. ಅದಕ್ಕೆ ಯಾವ ಕೋಲೂ ಮದ್ದಲ್ಲ.

ಈ ಎರಡು ಬೇರೆ ಬೇರೆ ಸಂಗತಿಗಳು. ಹುದುಗು ಪೂರ್ತಿ ಮುಗಿದ ಮೇಲೆ ಉಳಿದ ಗ್ಯಾಸು ಮಿತವಾದದ್ದು. ಬಾಟಲಿ ಬಿಸಿಯಾದಾಗ ಬಿರಟೆಯನ್ನು ತಳ್ಳಬಹುದು, ಅಷ್ಟೆ. ಹುದುಗು ಮುಗಿಯದೆ ಸಕ್ಕರೆಯೂ ಉಳಿದು ಯೀಸ್ಟೂ ಬದುಕಿದ್ದರೆ ಮುಚ್ಚಿದ ಬಾಟಲಿಯೊಳಗೆ ಹೊಸ ಗ್ಯಾಸು ಹುಟ್ಟುತ್ತಲೇ ಇರುತ್ತದೆ. ಲೀಟರಿಗೆ 4 ಗ್ರಾಮ್ ಸಕ್ಕರೆ, ಅಂದರೆ ಸುಮಾರು ಒಂದು ಟೀ ಚಮಚ, ಹುದುಗಿದರೆ ಬಾಟಲಿಯೊಳಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಫ್ರಾನ್ಸಿನ ಶಾಂಪೇನಿಗೆ ಬೇಕೆಂದೇ ಲೀಟರಿಗೆ 24 ಗ್ರಾಮ್ ಹಾಕಿ ಸುಮಾರು 6 ವಾಯುಮಂಡಲ ಒತ್ತಡ ತರಿಸುತ್ತಾರೆ. ಕಾರಿನ ಟಯರಿನಲ್ಲಿರುವುದು ಎರಡರ ಆಸುಪಾಸು. ಅದಕ್ಕಾಗಿ ಅವರು ದಪ್ಪ ಗಾಜಿನ ಬಾಟಲಿ ಮಾಡಿಸಿ ಬಿರಟೆಗೆ ತಂತಿ ಕಟ್ಟುತ್ತಾರೆ. ನಮ್ಮ ಸಿಹಿ ವೈನಿನಲ್ಲಿ ಅದರ ಎರಡು ಮೂರು ಪಟ್ಟು ಸಕ್ಕರೆ ಉಳಿದಿರುತ್ತದೆ. ನಾವು ತುಂಬುವುದು ಹಳೆಯ ಬ್ರಾಂದಿ ಬಾಟಲಿಗೆ, ತಿರುಪು ಮುಚ್ಚಳ ಬಿಗಿದು.

ನಿಶ್ಚಿತಾರ್ಥದ ಮುಂದಿನ ವರ್ಷ ನಾನು ಮತ್ತೆ ವೈನು ಮಾಡಿದೆ, ಈ ಸಲ ಸ್ಟೀಲ್ ಸೌಟಿನಲ್ಲಿ ಕ್ರಮವಾಗಿ ಕಲಕಿದೆ. ‘ಫುಸ್’ ಕೂಡ ಎನ್ನಲಿಲ್ಲ. ಸಿಹಿಯಾಗಿತ್ತು, ಚಳಿಗೆ ಹುದುಗು ನಿಂತಿತ್ತು, ಮುಗಿದಿದೆ ಎಂದುಕೊಂಡೆ. ಆರು ಬಾಟಲಿಯನ್ನು ಮಂಗಳೂರಿನ ಭಾವನ ಮನೆಗೆ ಕಳಿಸಿದೆ. ಘಟ್ಟ ಇಳಿದು ಮಂಗಳೂರಿನ ಸೆಕೆ ತಗಲಿದ್ದೇ ತಡ, ಮಲಗಿದ್ದ ಯೀಸ್ಟು ಎದ್ದುಕೊಂಡಿತು. ಮೂರನೆಯ ವಾರ ಕಪಾಟಿನಲ್ಲಿ ಒಂದು ಬಾಟಲಿ ಒಡೆಯಿತು. ಏನಾಯಿತೆಂದು ನೋಡಲು ಬಾಗಿಲು ತೆಗೆದ ಭಾವನ ಮುಂದೆಯೇ ಎರಡನೆಯದು ಸಿಡಿಯಿತು. ಕೈಗೆ ಮೂರು ಹೊಲಿಗೆ. ಒಂದು ಗೇಣು ಮೇಲೆ ಬಂದಿದ್ದರೆ ಕಣ್ಣು. ‘ನಿನ್ನ ವೈನಿಗಿಂತ ಪಟಾಕಿ ವಾಸಿ ಮಾರಾಯ, ಅದಕ್ಕೆ ಬತ್ತಿಯಾದರೂ ಕಾಣಿಸುತ್ತದೆ’ ಎಂದು ಅವರು ಈಗಲೂ ಹೇಳುತ್ತಾರೆ. ನಾನು ನಗುತ್ತೇನೆ, ಆದರೆ ಒಳಗಿನಿಂದ ನಗು ಬರುವುದಿಲ್ಲ.

ಅಂದರೆ, ಕಲಕಿ ಗ್ಯಾಸು ತೆಗೆದದ್ದೇ ನನಗೆ ಸುಳ್ಳು ಧೈರ್ಯ ಕೊಟ್ಟಿತು. ಚುರುಗುಟ್ಟದ ವೈನು ಮುಗಿದ ವೈನು ಎಂದುಕೊಂಡೆ. ಮುಗಿದಿದೆಯೋ ಇಲ್ಲವೋ ಹೇಳುವುದು ಹೈಡ್ರೋಮೀಟರ್ ಒಂದೇ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಮುಳುಗಿಸುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಪೂರ್ತಿ ಹುದುಗಿದ ವೈನಿನಲ್ಲಿ ಅದು 1.000ಕ್ಕಿಂತ ಕೆಳಗೆ ನಿಲ್ಲುತ್ತದೆ. ಅದಕ್ಕಿಂತ ಮೇಲೆ, 1.020ರಲ್ಲೋ 1.030ರಲ್ಲೋ ನಿಂತರೆ ಸಿಹಿ ಉಳಿದಿದೆ ಎಂದು ಅರ್ಥ. ಅದು ಎರಡು ವಾರ ಅಲ್ಲಾಡದೆ ನಿಂತರೂ ಬೆಚ್ಚಗಾದಾಗ ಮತ್ತೆ ಹೊರಡಬಹುದು. ಇಲ್ಲಿ ಮಾತ್ರ ಕಲಕುವುದರ ಒಂದು ಉಪಯೋಗವಿದೆ. ಗ್ಯಾಸಿನ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿಕೊಂಡು ಅದನ್ನು ಮೇಲಕ್ಕೆತ್ತುತ್ತವೆ, ಲೆಕ್ಕ ತಪ್ಪುತ್ತದೆ. ಆದ್ದರಿಂದ ಅಳೆಯುವ ಮಾದರಿಯನ್ನು ಚೆನ್ನಾಗಿ ಕುಲುಕಿ, ಗುಳ್ಳೆ ಕಳೆದು ಅಳೆಯಬೇಕು.

ಸಿಹಿ ವೈನೇ ಬೇಕೆನ್ನುವವರು (ನಮ್ಮಲ್ಲಿ ಬೇಡವೆನ್ನುವವರು ಯಾರು?) ಎರಡರಲ್ಲಿ ಒಂದು ಮಾಡಲಿ. ಪೂರ್ತಿ ಹುದುಗಿಸಿ, ತಿಳಿಯಾಗಿಸಿ, ಬಡಿಸುವ ದಿನ ಜಗ್ಗಿನಲ್ಲಿ ಸಕ್ಕರೆ ಬೆರೆಸಲಿ. ಇಲ್ಲವೆ ಸಿಹಿ ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು, ಮುಚ್ಚಳವನ್ನು ಸಡಿಲ ಬಿಟ್ಟು, ಬೇಗ ಖರ್ಚು ಮಾಡಲಿ. ಕೆ.ಎಂ.ಎಸ್. ಹಾಕಿದೆ, ಯೀಸ್ಟು ಸತ್ತಿತು ಎಂದು ನಂಬಬೇಡಿ, ಅದು ಬಲಿತ ಯೀಸ್ಟನ್ನು ಖಂಡಿತವಾಗಿ ಕೊಲ್ಲುವುದಿಲ್ಲ. ಸಿಹಿ ವೈನಿನ ಬಾಟಲಿಯನ್ನು ಬಿಸಿಲಿನ ಕಾರಿನ ಡಿಕ್ಕಿಯಲ್ಲಿಟ್ಟು ಘಟ್ಟದ ಕೆಳಗೆ ಒಯ್ಯಬೇಡಿ. ಪ್ರವಾಸಿಗರಿಗೆ ಕೊಡುವ ಮಾತು ಬೇರೆ. ಮಾರಾಟಕ್ಕೆ ಅಬಕಾರಿ ಲೈಸೆನ್ಸು ಬೇಕು, ಆ ವಿಷಯದಲ್ಲಿ ಸಂಘದಿಂದ ಯಾವ ಸಹಾಯವನ್ನೂ ನಿರೀಕ್ಷಿಸಬೇಡಿ.

ಸಾಧ್ಯವಿದ್ದವರು ಕಾಲವನ್ನೇ ಬದಲಿಸಿ ನೋಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಹಿತ್ತಲಲ್ಲೇ ಪನ್ನೇರಳೆ, ಅನಾನಸ್ಸು, ಮಳೆಗೆ ಮುಂಚೆ ನೇರಳೆ ಸಿಗುತ್ತವೆ. ಆಗಿನ ಸೆಕೆಗೆ ಹುದುಗು ಪೂರ್ತಿ ಓಡುತ್ತದೆ. ಮಳೆಗಾಲವಿಡೀ ಜಾರು ಮೂಲೆಯಲ್ಲಿ ಕೂತಿರಲಿ, ನಾವು ಕೊಳೆರೋಗದ ಹಿಂದೆ ಓಡಾಡುತ್ತಿರುವಾಗ ಅದು ತನ್ನಷ್ಟಕ್ಕೆ ಗ್ಯಾಸು ಬಿಟ್ಟು ತಿಳಿಯಾಗುತ್ತಿರುತ್ತದೆ. ಕಾಫಿ ಕುಯ್ಲಿಗೆ ಮುಂಚೆ ಬಾಟಲಿಗೆ ತುಂಬಿದರೆ ಹಬ್ಬಕ್ಕೆ ಸರಿಹೋಗುತ್ತದೆ. ಕಳೆದ ವರ್ಷ ನಾನು ಹಾಗೆ ಮಾಡಿದ ಅನಾನಸ್ಸಿನ ವೈನಿಗೆ ಸೌಟನ್ನೇ ಹಾಕಲಿಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ನಾನು ಮಂಡಿಸಲಿರುವ ಸಲಹೆ ಇದು: ಡ್ರಿಲ್ಲಿನ ಕೋಲು ಬೇಡ. ಬದಲಿಗೆ ಹೈಡ್ರೋಮೀಟರ್ ಮತ್ತು ಅದರ ಉದ್ದ ಗಾಜಿನ ಜಾಡಿ, ಸಣ್ಣ ಪೊಟ್ಟಣದ ಕೆ.ಎಂ.ಎಸ್., ಆಹಾರಕ್ಕೆ ಯೋಗ್ಯವಾದ ಬಸಿಯುವ ಪೈಪು, ಮತ್ತು ಉದ್ದ ಹಿಡಿಯ ಒಂದೇ ಮೈಯ ಸ್ಟೀಲ್ ಸೌಟು ತರಿಸೋಣ. ಇವನ್ನು ಔಷಧಿ ಗೊಬ್ಬರದ ಕಪಾಟಿನಿಂದ ದೂರ, ಎದುರು ಗೋಡೆಯಲ್ಲಿ ಇಡಬೇಕು. ಮೊದಲ ಕಂತಿಗೆ ಎಷ್ಟು ತರಿಸಬೇಕೆಂದು ಅಂದಾಜು ಬೇಕು. ಬೇಕಾದವರು ಬರುವ 15ನೇ ತಾರೀಕಿನೊಳಗೆ ಮಳಿಗೆಯ ಪುಸ್ತಕದಲ್ಲಿ ಹೆಸರು ಬರೆಸಬೇಕಾಗಿ ಕೋರಿಕೆ. ನನ್ನ ಅಭಿಪ್ರಾಯ ಒಪ್ಪದವರು ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯಲಿ, ಸಭೆಯಲ್ಲಿ ಅದನ್ನೂ ಓದಿ ಹೇಳುತ್ತೇನೆ.

— ಕಾರ್ಯದರ್ಶಿ